ಹಾಫ್ ಥ್ರೆಡ್ಡೋ, ಫುಲ್ ಥ್ರೆಡ್ಡೋ?

ಪ್ರಶ್ನೆ: ನಮ್ಮ ಬಾತ್‌ರೂಮಿನ ವಾಶ್ ಬೇಸಿನ್ ಅಡಿಯಿಂದ ನೀರು ಸೋರುತ್ತಿದೆ. ಇಷ್ಟು ಸಣ್ಣ ಕೆಲಸಕ್ಕೆ ಪ್ಲಂಬರ್ ಬರುವುದಿಲ್ಲ. ಅಡಿಯ ವೇಸ್ಟ್ ಕಪ್ಲಿಂಗನ್ನು ನಾನೇ ಬದಲಾಯಿಸುವಾ ಎಂದು ಹಾರ್ಡ್‌ವೇರ್ ಅಂಗಡಿಗೆ ಹೋದರೆ, ‘ಹಾಫ್ ಥ್ರೆಡ್ಡೋ, ಫುಲ್ ಥ್ರೆಡ್ಡೋ?’ ಎಂದು ಕೇಳಿದರು. ಉತ್ತರ ಗೊತ್ತಿಲ್ಲದೆ ವಾಪಸು ಬಂದೆ. ಏನು ವ್ಯತ್ಯಾಸ? ಬೇಸಿನ್ ಕಳಚದೆ ಈ ಕೆಲಸ ಆಗುತ್ತದೆಯೆ?
— ಓದುಗರೊಬ್ಬರು, ಕಾಪು

ಉತ್ತರ: ಆಗುತ್ತದೆ. ಬೇಸಿನ್ನಿನ ಒಳಬದಿಯಲ್ಲಿ, ಅಂಚಿನಿಂದ ತುಸು ಕೆಳಗೆ ಒಂದು ತೂತು ಇದೆಯೆ ನೋಡಿ. ನಲ್ಲಿ ಮುಚ್ಚಲು ಮರೆತಾಗ ನೀರು ನೆಲಕ್ಕೆ ಚೆಲ್ಲದಿರಲಿ ಎಂದು ಮಾಡಿದ ಓವರ್‌ಫ್ಲೋ ತೂತು ಅದು. ಅಲ್ಲಿಂದ ಹೋದ ನೀರು ಪಿಂಗಾಣಿಯ ಎರಡು ಪದರಗಳ ನಡುವೆ ಇಳಿದು ವೇಸ್ಟ್ ಕಪ್ಲಿಂಗನ್ನು ಸೇರಬೇಕು. ಹಾಫ್ ಥ್ರೆಡ್ ಕಪ್ಲಿಂಗಿನ ಮೇಲರ್ಧದಲ್ಲಿ ಇದಕ್ಕೆಂದೇ ಕಂಡಿಗಳಿರುತ್ತವೆ, ಫುಲ್ ಥ್ರೆಡ್‌ನಲ್ಲಿ ಇರುವುದಿಲ್ಲ. ತೂತಿರುವ ಬೇಸಿನ್ನಿಗೆ ಫುಲ್ ಹಾಕಿದರೆ ಆ ನೀರು ಪದರದೊಳಗೇ ನಿಂತು ನಾರುತ್ತದೆ. ತೂತಿಲ್ಲದ್ದಕ್ಕೆ ಹಾಫ್ ಹಾಕಿದರೆ ಕಂಡಿ ನಟ್ಟಿನ ಕೆಳಗೆ ಉಳಿದು ಅಲ್ಲಿಂದಲೇ ತೊಟ್ಟಿಕ್ಕಬಹುದು. ಮಣಿಪಾಲದ ಹೊಸ ಫ್ಲ್ಯಾಟುಗಳಲ್ಲಿ ಕಾಣುವ, ಕಲ್ಲಿನ ಮೇಲೆ ಬೋಗುಣಿಯಂತೆ ಕೂರಿಸಿದ ಬೇಸಿನ್‌ಗಳಲ್ಲಿ ಸಾಮಾನ್ಯವಾಗಿ ತೂತಿರುವುದಿಲ್ಲ. ಅಳತೆ ಎರಡಕ್ಕೂ 32 ಮಿ.ಮೀ., ಅಂದರೆ ಒಂದೂಕಾಲು ಇಂಚು.

ಆದರೆ ಕೊಳ್ಳುವ ಮುಂಚೆ ಸೋರುವ ಜಾಗ ಹಿಡಿಯಿರಿ. ಎಲ್ಲ ಜೋಡಣೆಗಳನ್ನೂ ಒರೆಸಿ, ನಿನ್ನೆಯ ‘ಉದಯವಾಣಿ’ಯ ಒಂದು ಹಾಳೆಯನ್ನು ಅಡಿಗೆ ಹಾಸಿ ನೀರು ಬಿಡಿ. ಎಷ್ಟೋ ಸಲ ತಪ್ಪು ಕಪ್ಲಿಂಗಿನ ಕೆಳಗಿರುವ ಬಾಟಲ್ ಟ್ರ್ಯಾಪಿನ ವಾಷರಿನದ್ದಾಗಿರುತ್ತದೆ, ಕಪ್ಲಿಂಗ್ ಮುಟ್ಟಬೇಕಾಗಿಯೇ ಇಲ್ಲ.

ಕಪ್ಲಿಂಗನ್ನೇ ತೆಗೆಯಬೇಕಾದರೆ ಬಕೆಟ್ ಇಟ್ಟು ಮೊದಲು ಟ್ರ್ಯಾಪ್ ಕಳಚಿ. ಕಷ್ಟ ಇರುವುದು ಮುಂದಿನ ನಟ್ಟಿನಲ್ಲಿ. ಕಾಪುವಿನ ಉಪ್ಪುಗಾಳಿಗೆ ಲೋಹ ಬೇಗ ಕಿಲುಬುತ್ತದೆ. ಜಂಬಿಟ್ಟಿಗೆ ನೆಲದ ಬಾವಿನೀರು ಹಲವೆಡೆ ಆಮ್ಲೀಯ, ಅದೂ ಹಿತ್ತಾಳೆಯನ್ನು ತಿನ್ನುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಆಮೇಲೂ ತಿರುಗದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದುಬಿಡಿ. ಸುತ್ತಿಗೆ ಮಾತ್ರ ಬೇಡ ಮಾರಾಯ್ರೆ, ಪಿಂಗಾಣಿ ಬಿರುಕು ಬಿಟ್ಟರೆ ಹೊಸ ಬೇಸಿನ್ನೇ ತರಬೇಕು. ಹಿಂದಿನವರು ಬಿಳಿ ಸಿಮೆಂಟ್ ಮೆತ್ತಿದ್ದರೆ ಮೆಲ್ಲಗೆ ಕೆರೆದು ತೆಗೆಯಿರಿ, ನೀವು ಮತ್ತೆ ಅದನ್ನು ಬಳಸಬೇಡಿ. ಮೇಲಿನ ಅಂಚಿಗೆ ಸಿಲಿಕೋನ್, ಕೆಳಗೆ ರಬ್ಬರ್ ವಾಷರ್ ಸಾಕು. ನಟ್ಟನ್ನು ಕೈಯಲ್ಲಿ ಬಿಗಿಮಾಡಿ ಪಾನಾದಿಂದ ಕಾಲು ಸುತ್ತು ತಿರುಗಿಸಿ, ಸಿಲಿಕೋನ್ ಒಣಗಲು ಒಂದು ದಿನ ಕೊಡಿ. ಬಳಿಕ ಬೇಸಿನ್ ತುಂಬಿಸಿ ಒಮ್ಮೆಲೇ ಬಿಟ್ಟು ನೋಡಿ.

ಅಂಗಡಿಯವರು ‘ಟ್ರ್ಯಾಪ್ ಯಾಕೆ, ಇದೇ ಸಾಕು’ ಎಂದು ಅಗ್ಗದ ಸುಕ್ಕು ಪೈಪ್ ಕೊಟ್ಟಾರು. ಅದನ್ನು ನೇರವಾಗಿ ಗೋಡೆಗೆ ಸಿಕ್ಕಿಸುವುದನ್ನು ನಾನು ಒಪ್ಪುವುದಿಲ್ಲ. ಟ್ರ್ಯಾಪಿನ ಕಪ್ಪಿನಲ್ಲಿ ಸದಾ ನಿಂತಿರುವ ಎರಡು ಮೂರು ಇಂಚು ನೀರೇ ಗಟಾರದ ವಾಸನೆಗೂ ಜಿರಳೆಗೂ ತಡೆ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಲಂಡನ್ನಿನ ಗಡಿಯಾರ ತಯಾರಕ ಪಾಯಿಖಾನೆಯ ಬಾಗಿದ ಕೊಳವೆಗೆ ಪೇಟೆಂಟ್ ಪಡೆದದ್ದು ಇದೇ ಉಪಾಯಕ್ಕೆ. ಬೇಸಿನ್ ನೀರು ನೇರ ಬಾಳೆಬುಡಕ್ಕೆ ಹೋಗುವ ಹಳೆಯ ಮನೆಗಳಲ್ಲೂ ಟ್ರ್ಯಾಪ್ ಇರಲಿ, ಹುಳಹುಪ್ಪಟೆ ಆ ದಾರಿಯಲ್ಲೇ ಬರುತ್ತವೆ. ಬೀಗ ಹಾಕಿ ತಿಂಗಳುಗಟ್ಟಲೆ ಮುಂಬೈಗೋ ಗಲ್ಫಿಗೋ ಹೋಗುವವರ ಮನೆಯಲ್ಲಿ ಆ ನೀರು ಆರಿಹೋಗುತ್ತದೆ. ಹೊರಡುವ ದಿನ ಒಂದು ಚೊಂಬು ನೀರು ಹೊಯ್ದು ಮೇಲೆ ಒಂದು ಚಮಚ ತೆಂಗಿನೆಣ್ಣೆ ಬಿಟ್ಟರೆ ಆರುವುದು ನಿಧಾನವಾಗುತ್ತದೆ.

ಗೋಡೆಯೊಳಗಿನ ಪೈಪ್ ಒಡೆದಿದ್ದರೆ ಪ್ಲಂಬರನ್ನೇ ಕಾಯಬೇಕು. ಆಟಿಯ ಮಳೆಯಲ್ಲಿ ಬೇಸಿನ್ ಗುಳುಗುಳು ಎಂದು ನೀರು ಇಳಿಯದಿದ್ದರೆ ಟ್ರ್ಯಾಪ್ ಬದಲಿಸಿ ದುಡ್ಡು ಕಳೆಯಬೇಡಿ. ಕಡಲ ಬದಿಯ ತಗ್ಗಿನಲ್ಲಿ ಇಂಗುಗುಂಡಿಗೆ ಅಂತರ್ಜಲವೇ ಏರಿ ಬಂದಿರುತ್ತದೆ, ಕಾರ್ಕಳದಂಥ ಪಾದೆಕಲ್ಲಿನ ನೆಲದಲ್ಲಾದರೆ ಗುಂಡಿ ನೀರನ್ನು ಕುಡಿಯುವುದೇ ನಿಧಾನ. ಮೊದಲು ಗುಂಡಿಯ ಮುಚ್ಚಳ ತೆಗೆದು ನೋಡಿ.