ತಿಂಗಳ ಲೆಕ್ಕಕ್ಕೆ ಸಿಗದ ತಿಂಗಳು

ಶ್ರಾವಣ ಕಳೆದು ಭಾದ್ರಪದ ಬರುವ ಹೊತ್ತಿಗೆ ಸಂಬಳದಾರರ ಮನೆಗಳಲ್ಲಿ ಒಂದೇ ಮಾತು: ಯಾಕೋ ಈ ಸಲ ಎಲ್ಲ ಒಟ್ಟಿಗೇ ಬಂದುಬಿಡ್ತು. ಬಾಡಿಗೆ ಮನೆ ಬದಲಾಯಿಸಿದ್ದು, ಸ್ನೇಹಿತರ ಗೃಹಪ್ರವೇಶ, ಗೌರಿ-ಗಣೇಶ, ಅದರ ಬೆನ್ನಿಗೇ ಪಕ್ಷ; ಆಫೀಸಿನಲ್ಲಿ ನೋಡಿದರೆ ಸೆಪ್ಟೆಂಬರ್ 30ರ ಅರ್ಧವಾರ್ಷಿಕ ಲೆಕ್ಕದ ಒತ್ತಡ. ಆ ‘ಯಾಕೋ’ ಎಂಬ ಪದದ ಮೇಲೆ ನನ್ನ ತಕರಾರು. ಇವು ಒಟ್ಟಿಗೇ ಬರುವುದಕ್ಕೆ ಕಾರಣ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲೇ ಇದೆ. ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲುಕ್ಕಿಸುವವರು ಕಡಿಮೆ, ಮದುವೆ ಮಾಡುವವರು ಇನ್ನೂ ಕಡಿಮೆ. ಪಿತೃಪಕ್ಷದ ಹದಿನೈದು ದಿನವೂ ಹಾಗೇ. ಈ ಎರಡು ತಡೆಗಳ ನಡುವೆ ಉಳಿಯುವುದು ನಲವತ್ತೈದು ದಿನದ ಆಸುಪಾಸು. 2025ರಲ್ಲಿ ಅದು ಜುಲೈ 25ರಿಂದ ಸೆಪ್ಟೆಂಬರ್ 7. ಆಷಾಢದಲ್ಲಿ ತಡೆದದ್ದು, ಪಕ್ಷಕ್ಕೆ ಮುಂಚೆ ಮುಗಿಯಬೇಕಾದದ್ದು ಎಲ್ಲವೂ ಆ ಕಿಂಡಿಯಲ್ಲೇ ನುಗ್ಗುತ್ತದೆ. ಅಷ್ಟಕ್ಕೂ ಕೈಗೆ ಬರುವುದು ಎರಡೇ ಸಂಬಳ. ಇದನ್ನು ಆಕಸ್ಮಿಕ ಎನ್ನುವುದಾದರೆ ಮಳೆಗಾಲವೂ ಆಕಸ್ಮಿಕವೇ.

ತಪ್ಪು ಖರ್ಚಿನದಲ್ಲ, ಅಳತೆಯದು. ಸಂಬಳ ಒಂದನೇ ತಾರೀಖಿಗೆ ಬರುತ್ತದೆಂದು ನಾವು ಬದುಕನ್ನೂ ತಿಂಗಳಿನಲ್ಲೇ ಅಳೆಯುತ್ತೇವೆ. ಹಬ್ಬ, ತಿಥಿ, ಗೃಹಪ್ರವೇಶಗಳು ಆ ಅಳತೆಗೆ ಬಗ್ಗುವುದಿಲ್ಲ. ಮಹಾಲಯ ಅಮಾವಾಸ್ಯೆ 2025ರಲ್ಲಿ ಸೆಪ್ಟೆಂಬರ್ 21ಕ್ಕೆ ಬಂತು. ಅಧಿಕ ಜ್ಯೇಷ್ಠವಿರುವ 2026ರಲ್ಲಿ ಅದು ಅಕ್ಟೋಬರ್ 10. ಹೋದ ವರ್ಷದ ಸೆಪ್ಟೆಂಬರಿನ ಖರ್ಚು ನೋಡಿ ಈ ವರ್ಷದ ಸೆಪ್ಟೆಂಬರಿಗೆ ಹಣ ತೆಗೆದಿಟ್ಟರೆ ಲೆಕ್ಕ ಅಲ್ಲೇ ಕೆಟ್ಟಿತು. ಬೇಸಾಯದ ಮನೆಗಳಿಗೆ ಈ ಪೇಚು ಇರಲಿಲ್ಲ. ಸುಗ್ಗಿಯಲ್ಲಿ ಬಂದದ್ದನ್ನು ಮುಂದಿನ ಸುಗ್ಗಿಯವರೆಗೆ ಹಂಚಿಕೊಳ್ಳಬೇಕಿದ್ದರಿಂದ ಅವರ ಲೆಕ್ಕವೇ ವರ್ಷದ್ದು. ಕಷ್ಟ ಅಲ್ಲಿ ಬೇರೆ ಥರದ್ದಿತ್ತು, ಸಾಲವೂ ಇತ್ತು. ಆದರೆ ಪಕ್ಷ ಬಂತೆಂದು ಯಾರೂ ಬೆಚ್ಚಿಬೀಳುತ್ತಿರಲಿಲ್ಲ.

ಮನೆಯ ವಿಷಯದಲ್ಲಿ ಈ ವ್ಯತ್ಯಾಸ ದುಬಾರಿಯಾಗುತ್ತದೆ. ಬೆಂಗಳೂರಿನಲ್ಲಿ 20,000 ರೂಪಾಯಿ ಬಾಡಿಗೆಯ ಮನೆ ಎಂದುಕೊಳ್ಳಿ. ಹಳೆಯ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ ಎರಡು ಲಕ್ಷ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಮಾದರಿ ಎಂಬ ಹೆಸರೇ ಹೇಳುವಂತೆ ಅದು ರಾಜ್ಯಗಳು ಒಪ್ಪಿ ತಂದರಷ್ಟೇ ಕಾಯ್ದೆ. ಎರಡು ಲಕ್ಷ ಬ್ಯಾಂಕಿನಲ್ಲಿ ಶೇ 6ಕ್ಕೆ ಇದ್ದಿದ್ದರೆ ತಿಂಗಳಿಗೆ ಸಾವಿರ ರೂಪಾಯಿ ಬಡ್ಡಿ. ಅಂದರೆ ನಿಜವಾದ ಬಾಡಿಗೆ 21,000. ಇನ್ನು ಮನೆ ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ, ಹೊಸ ಮನೆಗೆ ಬ್ರೋಕರ್ ಕಮಿಷನ್ ಇನ್ನೊಂದು ತಿಂಗಳು, ಸಾಮಾನು ಸಾಗಿಸುವ ಲಾರಿಗೆ ಹತ್ತು ಸಾವಿರ ಹಿಡಿಯಿರಿ: ಒಟ್ಟು 50,000. ಹನ್ನೊಂದು ತಿಂಗಳ ಕರಾರು ಮುಗಿಯುತ್ತಲೇ ಮನೆ ಬಿಟ್ಟರೆ ಇದು ತಿಂಗಳಿಗೆ 4,500 ದಾಟುತ್ತದೆ. ಕರಾರು ಎರಡು ಸಲ ಮುಂದುವರಿಸಿ ಮೂವತ್ತಮೂರು ತಿಂಗಳು ಇದ್ದರೆ 1,500ಕ್ಕೆ ಇಳಿಯುತ್ತದೆ. ಎರಡು ಸಾವಿರ ಬಾಡಿಗೆ ಉಳಿಯಿತೆಂದು ವರ್ಷಕ್ಕೊಂದು ಮನೆ ಹುಡುಕುವವರು ಈ ಭಾಗಾಕಾರ ಮಾಡಿ ನೋಡಬೇಕು. ಇದಕ್ಕಿಂತ ದೊಡ್ಡ ಇಕ್ಕಟ್ಟು ಹಳೆಯ ಅಡ್ವಾನ್ಸ್ ಕೈಗೆ ಬರುವ ಮೊದಲೇ ಹೊಸದನ್ನು ಕೊಡಬೇಕಾಗುವುದು. ಆ ಕೆಲವು ವಾರ ಎರಡು ಮನೆಯ ಹಣ ಹೊರಗೆ ಸಿಕ್ಕಿಕೊಂಡಿರುತ್ತದೆ, ಹಬ್ಬ ಬಾಗಿಲಲ್ಲಿರುತ್ತದೆ, ಕ್ರೆಡಿಟ್ ಕಾರ್ಡ್ ಜೇಬಿನಿಂದ ಹೊರಬರುತ್ತದೆ. ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ 3.5 ಬಡ್ಡಿಯಾದರೆ 50,000ಕ್ಕೆ 1,750. ಅದರ ಮೇಲೆ ಜಿಎಸ್‌ಟಿ.

ಉಳಿದ ಖರ್ಚಿಗೆ ಇಷ್ಟು ವಿಸ್ತಾರ ಬೇಕಿಲ್ಲ. ವರ್ಷದ ಮುಯ್ಯಿ, ಉಡುಗೊರೆಗೆ 12,000, ಪಕ್ಷಕ್ಕೆ 8,000, ಹಬ್ಬಗಳಿಗೆ 16,000 ಎಂದರೆ ತಿಂಗಳಿಗೆ ಮೂರು ಸಾವಿರ. ಈ ಮೂರು ಸಾವಿರವನ್ನು ಬೇರೆ ಉಳಿತಾಯ ಖಾತೆಗೆ ಹಾಕಿ ಅದನ್ನೂ ಬಾಡಿಗೆಯಂತೆ ಕೊಟ್ಟುಬಿಟ್ಟ ಹಣ ಎಂದು ನೋಡಬೇಕು ಎನ್ನುವುದು ನನ್ನ ವಾದ.

ತುರ್ತು ನಿಧಿ ಇರುವುದು ಮತ್ತೇತಕ್ಕೆ ಎಂದು ಕೇಳಬಹುದು. ಕೆಲಸ ಹೋದಾಗ, ಆಸ್ಪತ್ರೆ ಸೇರಿದಾಗ ಬೇಕಾದದ್ದು ಅದು. ತಿಥಿ ಗೊತ್ತಿರುವ ಖರ್ಚಿಗೆ ಅದನ್ನು ಮುಟ್ಟಿದರೆ ತಿಥಿ ಗೊತ್ತಿಲ್ಲದ ಖರ್ಚಿಗೆ ಬರಿಗೈ. ಇನ್ನೊಂದು ಆಕ್ಷೇಪ ಮನಸ್ಸಿಗೆ ಹತ್ತಿರದ್ದು. ಹಿರಿಯರಿಗೆ ಎಡೆ ಇಡುವುದನ್ನು, ಗೆಳೆಯನ ಮನೆಯ ಸಂತೋಷವನ್ನು ರೂಪಾಯಿಯಲ್ಲಿ ತೂಗುವುದೇ? ನಮ್ಮ ಹಿರಿಯರಿಗೆ ಈ ಮುಜುಗರ ಇರಲಿಲ್ಲ. ಮದುವೆ ಮನೆಯ ಚಪ್ಪರದಲ್ಲೇ ಒಬ್ಬರು ಕೂತು ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದುಕೊಳ್ಳುತ್ತಿದ್ದರು. ಆ ಪುಸ್ತಕ ಪ್ರೀತಿಯನ್ನು ಕಡಿಮೆ ಮಾಡಲಿಲ್ಲ. ನಾಳೆ ಅವರ ಮನೆಯ ಮದುವೆಗೆ ಎಷ್ಟು ಹೊಂದಿಸಬೇಕೆಂದು ಹೇಳುತ್ತಿತ್ತು. ಮಹಾಲಯದ ದಿನ ಹಿರಿಯರ ಪಟದ ಮುಂದೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದ ಅಡುಗೆ ಬಡಿಸುವ ಮನೆಯಲ್ಲಿ ಆ ಬಟ್ಟೆ ಸಾಲದ್ದಾದರೆ ಅವರೇನೂ ಸಂತೋಷಪಡಲಾರರು, ಅವರನ್ನು ಬಲ್ಲವರಿಗೆ ಇದು ಗೊತ್ತು.

ತಿಂಗಳ ಕೊನೆಗೆ ಏನೂ ಉಳಿಯದವರು ಏನು ಮಾಡಬೇಕು ಎಂಬ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದಾಯವೇ ಸಾಲದಿದ್ದಾಗ ಹನ್ನೆರಡರಿಂದ ಭಾಗಿಸಿದರೆ ಕೊರತೆಯೂ ಹನ್ನೆರಡು ಪಾಲಾಗುತ್ತದೆ, ಅಷ್ಟೆ. ಆದರೂ ವಾರಕ್ಕಿಷ್ಟು ಎಂದು ಸಂಘಕ್ಕೆ ಕಟ್ಟುವ ಹೆಂಗಸರು, ಹಬ್ಬದ ಚೀಟಿ ಹಾಕುವವರು ಈ ವಾದವನ್ನು ಯಾವ ಅಂಕಣವನ್ನೂ ಓದದೆ ಪಾಲಿಸುತ್ತಿದ್ದಾರೆ. ಚೀಟಿ ಕಟ್ಟುವುದಾದರೆ ಅದು 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಕೇಳಲು ಸಂಕೋಚ ಬೇಡ. ಪರಿಚಯದವರೇ ನಡೆಸುತ್ತಿದ್ದರಂತೂ ಖಂಡಿತ ಬೇಡ.

ಶುರುಮಾಡಲು ಒಳ್ಳೆಯ ತಿಂಗಳು ಆಷಾಢವೇ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಮುಂದಿನ ನಲವತ್ತೈದು ದಿನಕ್ಕೆ ಬೇಕಾದ ಹಣ ಸ್ವಲ್ಪವಾದರೂ ನಿಲ್ಲುವುದಿದ್ದರೆ ಆಗಲೇ ನಿಲ್ಲಬೇಕು. ಇದನ್ನು ನಮಗಿಂತ ಮೊದಲೇ ಅರಿತವರು ಬಟ್ಟೆ ಅಂಗಡಿಯವರು. ಆಷಾಢ ಹಿಡಿಯುತ್ತಲೇ ಅರ್ಧ ಬೆಲೆಯ ಬೋರ್ಡು ತೂಗುಹಾಕಿರುತ್ತಾರೆ.