ಚೇಂಬರ್ ನಟ್ ಬಿಗಿಸುವ ಮೊದಲು

ಮಗಾ, ಮಾರುತಿ 800ರ ಅಡಿಯಲ್ಲಿ ಆಯಿಲ್ ಜಿನುಗುತ್ತಿದೆ, ಆಯಿಲ್ ಇಳಿಸುವ ಚೇಂಬರ್ ನಟ್‌ನ ಥ್ರೆಡ್ ಹೋಗಿದೆ, ಮೆಕ್ಯಾನಿಕ್ ದೊಡ್ಡ ಸೈಜಿನ ಬೋಲ್ಟ್ ಹೊಡೆದು ಕೊಡುತ್ತಾನಂತೆ ಎಂದೆಯಲ್ಲ. ದಯವಿಟ್ಟು ಅದಕ್ಕೆ ಒಪ್ಪಬೇಡ. ಚೌತಿಗೆ ಅದೇ ಗಾಡಿಯಲ್ಲಿ ಹೆಂಡತಿ, ಮಗುವನ್ನು ಕೂರಿಸಿಕೊಂಡು ಉಡುಪಿಗೆ ಹೋಗುವವನು ನೀನು. ಡೊಂಬಿವಲಿಯಿಂದ ಪನ್ವೇಲ್, ಅಲ್ಲಿಂದ ಹೆದ್ದಾರಿ 66ರಲ್ಲಿ ಮಳೆಯೊಳಗೆ ಸುಮಾರು 850 ಕಿಲೋಮೀಟರ್. ನಡುದಾರಿಯಲ್ಲಿ ಆ ಬೋಲ್ಟ್ ಕಳಚಿದರೆ ಇರುವ ಆಯಿಲೆಲ್ಲ ರಸ್ತೆಪಾಲು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುವಾಗ ಆಯಿಲ್ ಪ್ರೆಶರ್ ಆಗಲೇ ಬಿದ್ದಿರುತ್ತದೆ. ಪೇಟೆ ಹತ್ತಿರ ಇದೆ ಎಂದು ಇನ್ನೊಂದು ಚೂರು ಓಡಿಸಿದರೂ ಬೇರಿಂಗ್ ಉಳಿಯುವುದಿಲ್ಲ.

ಮುಂಬಯಿಯಲ್ಲಿ ಬಿಎಸ್ 4 ನಿಯಮ ಬಂದು 2010ರಲ್ಲೇ ಮಾರುತಿ 800ರ ಮಾರಾಟ ನಿಂತಿತು. ಅಂದರೆ ನಿನ್ನ ಎಂಎಚ್ 05 ಗಾಡಿಗೆ 15 ವರ್ಷ ದಾಟಿದೆ. ಅಷ್ಟು ವರ್ಷದಲ್ಲಿ ಆ ನಟ್ ಎಷ್ಟು ಜನರ ಕೈ ದಾಟಿರಬೇಡ! ಹಾಳಾಗುವುದು ಹೀಗೆ: ಒಬ್ಬ ಆಯಿಲ್ ಬದಲಿಸುವಾಗ ಹಳೇ ವಾಶರನ್ನೇ ಹಾಕುತ್ತಾನೆ. ಒಮ್ಮೆ ಅದುಮಿ ಚಪ್ಪಟೆಯಾದ ವಾಶರ್ ಮತ್ತೆ ಸರಿಯಾಗಿ ಕೂರುವುದಿಲ್ಲ, ತೊಟ್ಟಿಕ್ಕುತ್ತದೆ. ಮುಂದಿನವನು ಬಿಗಿ ಸಾಲದು ಎಂದುಕೊಂಡು ಪಾನಾಕ್ಕೆ ಪೈಪ್ ಸಿಕ್ಕಿಸಿ ಎಳೆಯುತ್ತಾನೆ. ಆಯಿಲ್ ತಡೆಯುವುದು ವಾಶರ್, ತೋಳಿನ ಬಲವಲ್ಲ ಮಾರಾಯ.

ಮೊದಲು ಹೊಸ ನಟ್ ತಂದು ಬೆರಳಿನಲ್ಲೇ ಹಾಕಿ ನೋಡಿಸು. ಎಷ್ಟೋ ಸಲ ಸವೆದಿರುವುದು ನಟ್ ಮಾತ್ರ. ಸಂಪಿನ, ಅಂದರೆ ಚೇಂಬರಿನ, ಒಳಗಿನ ಥ್ರೆಡ್ಡಿನ ಮೊದಲ ಒಂದೆರಡು ಸುತ್ತು ಮಾತ್ರ ಜಜ್ಜಿದ್ದರೆ ಟ್ಯಾಪ್ ಹಾಕಿ ಸರಿಮಾಡಬಹುದು. ಇಲ್ಲಿ ನೀನು ಪಕ್ಕದಲ್ಲೇ ನಿಂತಿರಬೇಕು. ಈ ನಟ್ 14 ಎಂಎಂ, 1.5 ಪಿಚ್. ಸ್ಪಾರ್ಕ್ ಪ್ಲಗ್ ಕೂಡ 14 ಎಂಎಂ, ಆದರೆ ಪಿಚ್ 1.25. ಗ್ಯಾರೇಜಿನ ಡಬ್ಬದಲ್ಲಿ ಸಾಮಾನ್ಯವಾಗಿ ಸಿಗುವುದು ಪ್ಲಗ್ಗಿನ ಟ್ಯಾಪ್. ಅದನ್ನು ತುರುಕಿದರೆ ಉಳಿದ ಥ್ರೆಡ್ಡೂ ಹೋಯಿತು. ಟ್ಯಾಪಿನ ಸಂದುಗಳಿಗೆ ಗ್ರೀಸ್ ಮೆತ್ತಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂದು ನಿಧಾನ ತಿರುಗಿಸಬೇಕು. ಹೊರಬಂದಾಗ ಗ್ರೀಸಿನಲ್ಲಿ ಕೂದಲಿನಂಥ ಲೋಹದ ಚೂರುಗಳು ಮಿನುಗುತ್ತವೆ. ಒಳಗೆ ಉದುರಿದ್ದು ಇದ್ದೇ ಇರುತ್ತದೆ. ಮೇಲಿನಿಂದ ಸ್ವಲ್ಪ ಅಗ್ಗದ ಆಯಿಲ್ ಸುರಿದು ತೊಳೆದು ಹೋಗಲು ಬಿಡಲು ಹೇಳು.

ಥ್ರೆಡ್ ಪೂರ್ತಿ ಹೋಗಿದ್ದರೆ ಸಂಪ್ ಇಳಿಸುವುದೇ ಸರಿ. ದೊಡ್ಡ ಬೋಲ್ಟ್ ತನ್ನ ದಾರಿಯನ್ನು ತಾನೇ ಕೊರೆದುಕೊಂಡು ಹೋಗುತ್ತದೆ. ಚೂರು ಓರೆಯಾದರೂ ವಾಶರ್ ಸಮ ಕೂರುವುದಿಲ್ಲ, ಪ್ರತಿ ಸಲ ಬಿಚ್ಚಿದಾಗಲೂ ಲೋಹ ಇನ್ನಷ್ಟು ಸವೆಯುತ್ತದೆ. ಟೆಫ್ಲಾನ್ ಟೇಪ್, ಎಂ-ಸೀಲ್ ಮಾತೇ ಬೇಡ, ಅವುಗಳ ತುಣುಕು ಒಳಗಿನ ಜಾಲರಿಗೆ ಹೋಗಿ ಕೂರುತ್ತದೆ. ಸಂಪಿಗೆ ಮ್ಯಾಗ್ನೆಟ್ ಹಚ್ಚಿ ನೋಡು. ಅಂಟಿದರೆ ಉಕ್ಕಿನ ತಗಡು. ಅದನ್ನು ಚೆನ್ನಾಗಿ ತೊಳೆದು, ಡೊಂಬಿವಲಿ ಎಂಐಡಿಸಿಯಲ್ಲೋ ಥಾಣೆಯ ವಾಗ್ಳೆ ಎಸ್ಟೇಟಿನಲ್ಲೋ ಲೇತ್ ಇರುವ ಕಡೆ ಒಯ್ದು, ಹೊಸ ಬುಷ್ ಕೂರಿಸಿ ವೆಲ್ಡ್ ಮಾಡಿಸಿ ಮೂಲ ಸೈಜಿನದೇ ಥ್ರೆಡ್ ಹಾಕಿಸು. ಸಂಪೇ ತುಕ್ಕು ಹಿಡಿದಿದ್ದರೆ, ಕಲ್ಯಾಣ್-ಶೀಳ್ ರಸ್ತೆಯ ಹೊಂಡಕ್ಕೆ ತಾಗಿ ಜಜ್ಜಿದ್ದರೆ, ರಿಪೇರಿಗೆ ದುಡ್ಡು ಸುರಿಯದೆ ಬೇರೆಯದೇ ಹಾಕಿಸು. ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಹಳೇದೂ ಹುಡುಕಬಹುದು. ಗ್ಯಾಸ್ಕೆಟ್ ಮಾತ್ರ ಹೊಸತೇ ಆಗಬೇಕು. ವಾಶಿಯ ನಿನ್ನ ಭಾವನ ಗಾಡಿಯಂತೆ ಅಲ್ಯೂಮಿನಿಯಂ ಸಂಪ್ ಆದರೆ ಹೆಲಿಕಾಯಿಲ್ ಅಥವಾ ಉಕ್ಕಿನ ಥ್ರೆಡ್ ಬುಷ್ ಹಾಕಿಸಬೇಕು. ಸರಿಯಾಗಿ ಕೂರಿಸಿದರೆ ಅದು ಮೂಲದ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿ.

ಆಮೇಲಿನ ಕೆಲಸ ನಿನ್ನದು. ನಟ್ ಹಾಕುವಾಗ ಮೊದಲು ಉಲ್ಟಾ ತಿರುಗಿಸು. ಟಕ್ ಎಂದು ಚೂರು ಕೆಳಗಿಳಿದು ಕೂತದ್ದು ಬೆರಳಿಗೇ ಗೊತ್ತಾಗುತ್ತದೆ. ಅಲ್ಲಿಂದ ಸುಲ್ಟಾ, ಮೂರು ನಾಲ್ಕು ಸುತ್ತು ಬೆರಳಿನಲ್ಲೇ. ಬಿಗಿ ಬಂದರೆ ಬಿಚ್ಚಿ ಮತ್ತೆ ಶುರುಮಾಡು, ಪಾನಾ ಮುಟ್ಟಬೇಡ. ಕೊನೆಗೆ ಹೊಸ ವಾಶರಿನ ಮೇಲೆ ಟಾರ್ಕ್ ರೆಂಚಿನಲ್ಲಿ 30ರಿಂದ 40 ನ್ಯೂಟನ್ ಮೀಟರ್, ಸಾಕು. ಸೊಸೈಟಿಯ ಪಾರ್ಕಿಂಗಿನಲ್ಲಿ ಮಾಡುವುದಾದರೆ ಬರೀ ಜಾಕ್ ನಂಬಿ ಗಾಡಿಯ ಕೆಳಗೆ ನುಗ್ಗಬೇಡ, ಸ್ಟ್ಯಾಂಡ್ ಕೊಟ್ಟೇ ಮಲಗು. ತೆಗೆದ ಆಯಿಲನ್ನು ಗಟಾರಕ್ಕೆ ಚೆಲ್ಲಬೇಡ. ಹಳೇ ಕ್ಯಾನಿನಲ್ಲಿ ತುಂಬಿ, ಉಪಯೋಗಿಸಿದ ಆಯಿಲ್ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಡು.

ಈ ಕೆಲಸ ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡ. ವಾರ ಮೊದಲೇ ಮುಗಿಸಿ, ಕಲ್ಯಾಣಕ್ಕೋ ಬೇಲಾಪುರಕ್ಕೋ ಒಂದು ಸುತ್ತು ಹೋಗಿ ಬಾ. ರಾತ್ರಿ ಗಾಡಿಯ ಅಡಿಗೆ ರಟ್ಟು ಹಾಸು. ಬೆಳಿಗ್ಗೆ ಅದರಲ್ಲಿ ಒಂದು ಹನಿ ಕಂಡರೂ ನನಗೆ ಫೋನ್ ಮಾಡು.