ಸ್ಲೈಡರ್ ಮುಟ್ಟದೆ ಸ್ಕೈರಿಮ್: ಆಟದ ಕಷ್ಟವನ್ನು ನಿಮ್ಮ ಅಳತೆಗೆ ತರುವ ಬಗೆ

ಮೊಬೈಲಿನಲ್ಲಿ ಬಿಜಿಎಂಐ ಆಡಿ ಕೈ ಪಳಗಿದವರು ಮೊದಲ ಸಲ ಕಂಪ್ಯೂಟರಿನಲ್ಲಿ ಸ್ಕೈರಿಮ್ ಹಚ್ಚಿದಾಗ ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗುತ್ತದೆ. ಕೆಲವರು ಹಿಮದ ದಾರಿಯಲ್ಲಿ ಎದುರಾದ ಮೊದಲ ರಾಕ್ಷಸನ ಕೈಯಲ್ಲಿ ಸತ್ತು ಸತ್ತು ಬೇಸತ್ತು ಆಟ ಬಿಡುವ ಹಂತಕ್ಕೆ ಬರುತ್ತಾರೆ. ಇನ್ನು ಕೆಲವರು ಕತ್ತಲಲ್ಲಿ ಅಡಗಿ ಕೂತು ಬಾಣ ಬಿಡುವ ಉಪಾಯ ಕಂಡುಕೊಂಡು, ‘ಇದರಾಗ ಏನೂ ಮಜಾ ಇಲ್ಲ’ ಅನ್ನುತ್ತಾರೆ. ಇಬ್ಬರೂ ಸೆಟ್ಟಿಂಗ್ಸ್‌ನಲ್ಲಿರುವ ಕಷ್ಟದ ಸ್ಲೈಡರ್ ಹುಡುಕುತ್ತಾರೆ. ಅದು ತೀರಾ ಒರಟು ಸಾಧನ. ಈ ಆಟದ ನಿಜವಾದ ಕಷ್ಟ ಸುಖ ಇರುವುದು ನೀವು ಹಾಕುವ ವೇಷದಲ್ಲಿ, ಆ ವೇಷದಲ್ಲಿ ನಡೆದುಕೊಳ್ಳುವ ರೀತಿಯಲ್ಲಿ.

ಮೂಡಲಗಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಬಯಲಾಟದ ಕಥೆ ಒಂದೇ. ಆದರೆ ಸತ್ಯಭಾಮೆಯ ವೇಷ ಕಟ್ಟಿದವರಿಗೆ ಇರುವ ದುಡಿಮೆ ಉಳಿದ ವೇಷಗಳಿಗಿಲ್ಲ.

ಹಂತ 1: ಸ್ಲೈಡರನ್ನು ‘ಅಡೆಪ್ಟ್’ನಲ್ಲಿ ನಿಲ್ಲಿಸಿ

ಬೆಥೆಸ್ಡಾ ಕಂಪನಿಯ ಸ್ಕೈರಿಮ್ ಬಂದದ್ದು 2011ರ ನವೆಂಬರ್ 11ರಂದು. ಈಗ ಹೆಚ್ಚಿನವರು ಆಡುವುದು 2016ರ ಸ್ಪೆಷಲ್ ಎಡಿಷನ್. ಇದರಲ್ಲಿ ಕಷ್ಟದ ಆರು ಮಟ್ಟಗಳಿವೆ. ಅಡೆಪ್ಟ್‌ನಲ್ಲಿ ಪೆಟ್ಟಿನ ಲೆಕ್ಕ ಇದ್ದದ್ದು ಇದ್ದಂತೆ. ಕೊನೆಯ ಲೆಜೆಂಡರಿಯಲ್ಲಿ ನಿಮ್ಮ ಪೆಟ್ಟು ಕಾಲು ಭಾಗಕ್ಕೆ ಇಳಿಯುತ್ತದೆ, ಶತ್ರುವಿನ ಪೆಟ್ಟು ಮೂರು ಪಟ್ಟಾಗುತ್ತದೆ. ಶತ್ರು ಜಾಣನಾಗುವುದಿಲ್ಲ, ಸಾಯುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾನೆ ಅಷ್ಟೇ. ಹಾಗಾಗಿ ಅಡೆಪ್ಟ್‌ನಲ್ಲೇ ಇರಿ.

ಹಂತ 2: ವೇಷ ಆರಿಸಿ

ಹತ್ತು ಜನಾಂಗಗಳಿವೆ. ಹೊಸಬರಿಗೆ ನನ್ನ ಸಲಹೆ ಓರ್ಕ್ ಅಥವಾ ಬ್ರೆಟನ್. ಓರ್ಕ್‌ಗೆ ಆಟದ ದಿನಕ್ಕೊಮ್ಮೆ, 60 ಸೆಕೆಂಡಿನ ಮಟ್ಟಿಗೆ, ಹೊಡೆತ ಎರಡು ಪಟ್ಟಾಗಿ ತಿನ್ನುವ ಪೆಟ್ಟು ಅರ್ಧವಾಗುವ ಶಕ್ತಿಯಿದೆ. ಬ್ರೆಟನ್‌ಗೆ ಹುಟ್ಟಿನಿಂದಲೇ ಮಾಟದ ಪೆಟ್ಟು ಶೇ. 25ರಷ್ಟು ಕಡಿಮೆ ತಾಗುತ್ತದೆ. ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದು ಅಣ್ಣ ತಮ್ಮ ಇಬ್ಬರೂ ಆಡುವವರಾದರೆ ಬೇರೆ ಬೇರೆ ಪಾತ್ರ ಮಾಡಿಕೊಳ್ಳಿ. ಅಣ್ಣನ ಅಳತೆ ತಮ್ಮನಿಗೆ ಹೊಂದುವುದಿಲ್ಲ.

ಹಂತ 3: ಲೆವೆಲ್ ಏರುವ ಬಗೆ ತಿಳಿಯಿರಿ

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಸ್ಕೈರಿಮ್‌ನಲ್ಲಿ ನಿಮ್ಮ ಲೆವೆಲ್ ಏರಿದಂತೆ ಶತ್ರುಗಳೂ ಗಟ್ಟಿಯಾಗುತ್ತಾರೆ. ಲೆವೆಲ್ ಏರಿಸುವುದು ಕಾದಾಟವೊಂದೇ ಅಲ್ಲ. ಕಮ್ಮಾರಿಕೆ, ವ್ಯಾಪಾರದ ಮಾತು, ಕಿಸೆಗಳ್ಳತನ ಎಲ್ಲವೂ ಏರಿಸುತ್ತವೆ. ಕುಲುಮೆಯ ಮುಂದೆ ನಿಂತು ಚೂರಿ ಮಾಡುತ್ತಲೇ ಹೋದರೆ ನಿಮ್ಮ ಲೆವೆಲ್ ಏರುತ್ತದೆ, ಕತ್ತಿ ಬೀಸುವ ಕೈ ಮಾತ್ರ ಇದ್ದಲ್ಲೇ ಇರುತ್ತದೆ. ಆಮೇಲೆ ಎದುರಾಗುವ ಡಕಾಯಿತ ನಿಮಗಿಂತ ಬಲಶಾಲಿ.

ಆದ್ದರಿಂದ ಮೊದಲ ಹತ್ತು ಲೆವೆಲ್‌ವರೆಗೆ ಒಂದು ಆಯುಧದ ಕೌಶಲ, ಒಂದು ರಕ್ಷಣೆಯ ಕೌಶಲ, ಈ ಎರಡಕ್ಕೇ ಪರ್ಕ್ (ಲೆವೆಲ್ ಏರಿದಾಗ ಸಿಗುವ ಕೌಶಲದ ವರ) ಹಾಕಿ. ಪ್ರತಿ ಲೆವೆಲ್‌ಗೆ ಸಿಗುವ ಹತ್ತು ಅಂಕಗಳನ್ನು ಹೆಚ್ಚಾಗಿ ಆರೋಗ್ಯಕ್ಕೆ ಕೊಡಿ.

ಹಂತ 4: ಕಷ್ಟವಾದರೆ ಇಳಿಸುವುದು

ಐವರ್‌ಸ್ಟೆಡ್ ಊರಿನಿಂದ ಬೆಟ್ಟದ ಮೇಲಿನ ಮಠವಾದ ಹೈ ಹ್ರೋತ್‌ಗಾರ್‌ಗೆ ಹೋಗುವ ಏಳು ಸಾವಿರ ಮೆಟ್ಟಿಲಿನ ದಾರಿಯನ್ನೇ ತೆಗೆದುಕೊಳ್ಳಿ. ನಡುವೆ ಬಂಡೆಗಳ ಸಂದಿಯಲ್ಲಿ ಫ್ರಾಸ್ಟ್ ಟ್ರೋಲ್ ಎಂಬ ಹಿಮರಾಕ್ಷಸ ಕಾದಿರುತ್ತದೆ. ಕತ್ತಿ ಹಿಡಿದು ನೇರ ನುಗ್ಗಿದವರು ಇಲ್ಲಿ ಸಾಯುತ್ತಾರೆ, ಏಕೆಂದರೆ ಅದರ ಗಾಯ ನೋಡುನೋಡುತ್ತಲೇ ಮಾಯುತ್ತದೆ. ಹೆಸರಿನಲ್ಲಿ ಹಿಮವಿದ್ದರೂ ಅದು ಪರಚುವುದು ಉಗುರಿನಿಂದ. ಹಾಗಾಗಿ ನಾರ್ಡ್ ಜನಾಂಗದ ವೇಷಕ್ಕಿರುವ ಚಳಿ ತಡೆಯುವ ಗುಣ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಟ್ರೋಲ್‌ಗೆ ಬೆಂಕಿ ಆಗದು. ಯಾವ ವೇಷ ಹಾಕಿದರೂ ‘ಫ್ಲೇಮ್ಸ್’ ಮಂತ್ರ ಮೊದಲಿನಿಂದಲೇ ನಿಮ್ಮ ಬಳಿ ಇರುತ್ತದೆ, ಆದರೆ ಕತ್ತಿಯ ಮೋಹದಲ್ಲಿ ಬಹಳ ಜನ ಅದನ್ನು ತೆರೆದೂ ನೋಡುವುದಿಲ್ಲ. ಎಡಗೈಗೆ ಫ್ಲೇಮ್ಸ್ ಹಾಕಿ. ಮುಖ್ಯ ಕಥೆಯ ದಾರಿ ಹಿಡಿದು ಬಂದಿದ್ದರೆ ವೈಟ್‌ರನ್‌ನ ಒಡೆಯ ನಿಮಗೆ ಲಿಡಿಯಾ ಎಂಬ ಯೋಧೆಯನ್ನು ಕೊಟ್ಟಿರುತ್ತಾನೆ. ಅವಳನ್ನು ಮುಂದೆ ಬಿಟ್ಟು ನೀವು ಹಿಂದೆ ಸರಿಯುತ್ತ ಸುಡಿ. ಸ್ಲೈಡರ್ ಒಂದಿಷ್ಟೂ ಸರಿಯಲಿಲ್ಲ, ಕಷ್ಟ ಅರ್ಧಕ್ಕೆ ಇಳಿಯಿತು.

ಇನ್ನೊಂದು ಉಪಾಯ ಒಲೆಯ ಮುಂದಿದೆ. ಕೋಸುಗಡ್ಡೆ, ಆಲೂಗಡ್ಡೆ, ಟೊಮ್ಯಾಟೊ, ಲೀಕ್ ಎಂಬ ಈರುಳ್ಳಿ ಜಾತಿಯ ಸೊಪ್ಪು, ಒಂದೊಂದು ಹಾಕಿ ತರಕಾರಿ ಸೂಪ್ ಮಾಡಿ. ಅದು 720 ಸೆಕೆಂಡ್, ಅಂದರೆ 12 ನಿಮಿಷ, ಪ್ರತಿ ಸೆಕೆಂಡಿಗೆ ಒಂದು ಅಂಕ ಆರೋಗ್ಯವನ್ನೂ ಒಂದು ಅಂಕ ದಮ್ಮನ್ನೂ (ಸ್ಟ್ಯಾಮಿನಾ) ತುಂಬುತ್ತದೆ. ದಮ್ಮು ಚೂರು ಉಳಿದಿದ್ದರೂ ಪವರ್ ಅಟ್ಯಾಕ್ ಎಂಬ ಜೋರಿನ ಏಟು ಹೊಡೆಯಬಹುದಾದ್ದರಿಂದ, ಈ ಸೂಪ್ ಕುಡಿದವನ ದೊಡ್ಡ ಕೊಡಲಿ ನಿಲ್ಲುವುದೇ ಇಲ್ಲ.

ಹಂತ 5: ಸುಲಭವಾದರೆ ಏರಿಸುವುದು

ಮೊದಲು ಕೈಬಿಡಬೇಕಾದದ್ದು ಅಡಗಿ ಬಾಣ ಬಿಡುವುದು. ಕಾಣದಂತೆ ಬಿಟ್ಟ ಬಾಣದ ಪೆಟ್ಟು ಎರಡು ಪಟ್ಟು, ಪರ್ಕ್ ಹಾಕಿದರೆ ಮೂರು ಪಟ್ಟು. ಹಿಂದಿನಿಂದ ಹಾಕುವ ಚೂರಿ ತಕ್ಕ ಪರ್ಕ್ ಜೊತೆ 15 ಪಟ್ಟು! ಕಳ್ಳನ ವೇಷ ಬೇಕೇ ಬೇಕೆಂದರೆ ಬಿಲ್ಲು, ಚೂರಿ ಎರಡರಲ್ಲಿ ಒಂದನ್ನಷ್ಟೇ ಇಟ್ಟುಕೊಳ್ಳಿ.

ಎರಡನೆಯದು ಚೀಲ. ಚೀಲ ತೆರೆದರೆ ಆಟ ನಿಂತುಬಿಡುತ್ತದೆ. ಸಾಯುವ ಹೊತ್ತಿನಲ್ಲಿ ಹತ್ತು ಬಾಟಲಿ ಮದ್ದು ಕುಡಿದು ಎದ್ದು ಬರಬಹುದು. ‘ಕಾದಾಟದ ನಡುವೆ ಚೀಲ ತೆರೆಯುವುದಿಲ್ಲ’ ಎಂಬ ಒಂದೇ ನೇಮ ಮಾಡಿಕೊಳ್ಳಿ. ನನ್ನ ಲೆಕ್ಕದಲ್ಲಿ ಇಡೀ ಆಟಕ್ಕೆ ಇಷ್ಟು ಜೀವ ತುಂಬುವ ನೇಮ ಇನ್ನೊಂದಿಲ್ಲ.

ಕಮ್ಮಾರಿಕೆ, ಮದ್ದು ಅರೆಯುವುದು, ಆಯುಧಕ್ಕೆ ಮಂತ್ರ ತುಂಬುವುದು ಮೂರನ್ನೂ ಒಬ್ಬನೇ ಕಲಿಯಬೇಡಿ. ಮೂರೂ ಸೇರಿದರೆ ಕವಚ ಬೇಗನೆ ತನ್ನ ಮಿತಿ ಮುಟ್ಟಿ, ಬಿದ್ದ ಪೆಟ್ಟಿನಲ್ಲಿ ಶೇ. 80 ತಾಗುವುದೇ ಇಲ್ಲ.

ಇದೂ ಸಾಲದವರಿಗೆ ಸರ್ವೈವಲ್ ಮೋಡ್ ಇದೆ. ಸ್ಪೆಷಲ್ ಎಡಿಷನ್‌ನವರಿಗೆ ಅದು 2021ರ ನವೆಂಬರಿನಿಂದ ಉಚಿತ. ಹಸಿವು, ಚಳಿ, ದಣಿವು ಮೂರೂ ಕಾಡುತ್ತವೆ, ಗಾಯ ತಾನಾಗಿ ಮಾಯುವುದಿಲ್ಲ, ನಕ್ಷೆಯ ಮೇಲೆ ಒತ್ತಿ ಊರಿಂದೂರಿಗೆ ಹಾರುವುದೂ ಬಂದ್. ನಡೆಯಬೇಕು, ಇಲ್ಲವೇ ದುಡ್ಡು ಕೊಟ್ಟು ಗಾಡಿ ಹತ್ತಬೇಕು.

ಹಂತ 6: ಒಮ್ಮೆಗೆ ಒಂದೇ ನೇಮ

ನೇಮಗಳನ್ನು ಒಟ್ಟಿಗೆ ಹೇರಿಕೊಂಡರೆ ಯಾವುದು ಭಾರವಾಯಿತು ಎಂದು ತಿಳಿಯುವುದಿಲ್ಲ. ಒಂದು ಗುಹೆ ಮುಗಿಯುವವರೆಗೆ ಒಂದನ್ನು ಪಾಲಿಸಿ, ಹೊಂದಿದರೆ ಇಟ್ಟುಕೊಳ್ಳಿ. ಕೆಲವರು ‘ಛತ್ರದಲ್ಲಿ ಮಲಗಿದಾಗಷ್ಟೇ ಸೇವ್’ ಎಂಬ ನೇಮ ಹಾಕಿಕೊಳ್ಳುತ್ತಾರೆ. ನಮ್ಮ ಕಡೆ ಅದು ಬೇಡ. ಹೆಸ್ಕಾಂ ಲೈನಾಗಲಿ, ಹುಕ್ಕೇರಿಯ ವಿದ್ಯುತ್ ಸಹಕಾರಿ ಸಂಘದ ಲೈನಾಗಲಿ, ಮಳೆಗಾಳಿಗೆ ಕರೆಂಟು ಹೋಗುವುದುಂಟು. ಯುಪಿಎಸ್ ಇಲ್ಲದ ಮನೆಯಲ್ಲಿ ಎಫ್5 ಒತ್ತಿ ಸೇವ್ ಮಾಡುತ್ತಲೇ ಇರಿ.

ಇಷ್ಟು ಕೈಗೆ ಬಂದ ಮೇಲೆ 2022ರ ಎಲ್ಡನ್ ರಿಂಗ್ ನಿಮಗೆ ಅಪರಿಚಿತ ಅನಿಸುವುದಿಲ್ಲ. ಅದರಲ್ಲಿ ಕಷ್ಟದ ಸ್ಲೈಡರೇ ಇಲ್ಲ. ಏರಿಸುವುದು ಇಳಿಸುವುದು ಪೂರ್ತಿ ವೇಷ ಮತ್ತು ನಡೆಯ ಮೇಲೆಯೇ ನಿಂತಿದೆ. ಅಲ್ಲಿ ಬರಿಮೈಯಲ್ಲಿ ದೊಣ್ಣೆ ಹಿಡಿದು ಲೆವೆಲ್ 1ರಿಂದ ಹೊರಡುವ ‘ರೆಚ್’ ವೇಷವನ್ನು ಮೊದಲಿಗೇ ಮುಟ್ಟಬೇಡಿ. ಕವಚ, ಕತ್ತಿ, ಗುರಾಣಿ ಮೂರೂ ಇರುವ ‘ವ್ಯಾಗಬಾಂಡ್’ನಿಂದ ಶುರು ಮಾಡಿ.